ಕೈ ಕಟ್ಟಿಕೊಂಡು ಮಾಡುವ ದೊರಯಾಕಿ

ಟೋಕಿಯೋದಲ್ಲಿ ಇದ್ದುಕೊಂಡು ದೊರಯಾಕಿ ಅನ್ನುವ ಇಲ್ಲಿನ ಸಿಹಿತಿಂಡಿಯನ್ನು ಮನೆಯಲ್ಲೇ ಮಾಡ್ತೀನಿ ಅಂದರೆ ಇಲ್ಲಿನವರೇ ಹುಬ್ಬೇರಿಸುತ್ತಾರೆ. ಬೀದಿ ಮೂಲೆಯ ಕನ್ಬಿನಿ ಅಂಗಡಿಯಲ್ಲಿ ಸಿಗುತ್ತದೆ, ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ರೈಲು ನಿಲ್ದಾಣದಲ್ಲಿ ಉಡುಗೊರೆ ಡಬ್ಬಿಯಲ್ಲಿ ಜೋಡಿಸಿ ಇಟ್ಟಿರುತ್ತಾರೆ. ಅದಕ್ಕೋಸ್ಕರ ಬೆಳಿಗ್ಗೆಯಿಂದ ಕಾಳು ಬೇಯಿಸಿಕೊಂಡು ಯಾರು ಕೂರುತ್ತಾರೆ ಹೇಳಿ?

ನಾನು ಕೂರುತ್ತೇನೆ. ಪ್ಲಾಸ್ಟಿಕ್ ಕವರಿನ ದೊರಯಾಕಿ ನನ್ನ ನಾಲಿಗೆಗೆ ವಿಪರೀತ ಸಿಹಿ. ಜೊತೆಗೆ, ಆಗಷ್ಟೇ ಮಾಡಿದ್ದನ್ನು ತಿಂದ ಮೇಲೆ ಕವರಿನದ್ದು ಯಾಕೋ ರುಚಿಸುವುದಿಲ್ಲ.

ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಂಗೈ ಅಗಲದ ಎರಡು ದುಂಡನೆಯ ಮೆತ್ತನೆ ಕೇಕು. ಮೇಲೆ ಒಂದೇ ಸಮ ಕಂದು ಬಣ್ಣ, ಪಕ್ಕದಲ್ಲಿ ತಿಳಿಹಳದಿ. ಎರಡರ ನಡುವೆ ಅಝುಕಿ ಅನ್ನುವ ಸಣ್ಣ ಕೆಂಪು ಕಾಳಿನ ಸಿಹಿ ಹೂರಣ. ಆ ಹೂರಣಕ್ಕೆ ಇಲ್ಲಿ ಅಂಕೊ ಅಂತಾರೆ. ನಮ್ಮೂರ ಮಕ್ಕಳಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಟಿವಿಯಲ್ಲಿ ಬರುವ ಆ ನೀಲಿ ರೋಬೋ ಬೆಕ್ಕು ಸದಾ ತಿನ್ನುತ್ತಿರುತ್ತದಲ್ಲ, ಅದೇ. ಮೈಸೂರಿನಲ್ಲಿರುವ ನನ್ನ ತಂಗಿಯ ಮಗಳು ಫೋನು ಹಿಡಿದರೆ ಮೊದಲು ಕೇಳುವುದು, "ದೊಡ್ಡಮ್ಮ, ಇವತ್ತು ಡೋರಾ ಕೇಕ್ ತಿಂದ್ಯಾ?" ಅಂತ.

ನಾವಿರುವುದು ಎಡೊಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ. ಐಟಿ ಕೆಲಸಕ್ಕೆ ಬಂದ ಭಾರತೀಯರು ಬಹಳ ಜನ ಇರುವ ಜಾಗ. ಅಂಗಡಿಯಲ್ಲಿ ತೊಗರಿಬೇಳೆ, ಕರಿಬೇವು ಎಲ್ಲಾ ಸಿಗುತ್ತದೆ. ಇಲ್ಲಿಂದ ತೋಝಾಯ್ ಲೈನ್ ರೈಲಿನಲ್ಲಿ ನಿಹೊಂಬಾಶಿಗೆ ಹೋಗಿ, ಗಿಂಝಾ ಲೈನಿಗೆ ಬದಲಾಯಿಸಿದರೆ ದೊರಯಾಕಿಯ ದೊಡ್ಡ ಹೆಸರುಗಳೆಲ್ಲ ಆ ದಾರಿಯಲ್ಲೇ ಸಿಗುತ್ತವೆ. ಉಎನೊ ಹಿರೊಕೋಜಿಯಲ್ಲಿ ಇಳಿದು ಸ್ವಲ್ಪ ನಡೆದರೆ ಉಸಾಗಿಯಾ. ದೊರಯಾಕಿ ಹಿಂದೆ ಒಂದೇ ಪದರದ್ದಾಗಿತ್ತಂತೆ. ಅದಕ್ಕೆ ಈಗಿನ ಎರಡು ಪದರದ ರೂಪ ಕೊಟ್ಟದ್ದು 1914ರಲ್ಲಿ ಈ ಅಂಗಡಿಯವರೇ ಅನ್ನುತ್ತಾರೆ. ಅದೇ ಲೈನಿನ ಕೊನೆಯ ನಿಲ್ದಾಣ ಅಸಾಕುಸಾ. ಅಲ್ಲಿ ಕಮಿನಾರಿಮೊನ್ ಬಾಗಿಲಿನ ಎದುರಿಗೆ ಕಮೆಜು. ಮುಂದೆ ಸಾಲು ಇದ್ದೇ ಇರುತ್ತದೆ. ಕಮೆಜುವಿನದ್ದು ದಪ್ಪ, ಉಬ್ಬು ಉಬ್ಬಾದ ಕೇಕು. ಕೆಂಪು ಅಂಕೊ ಒಂದು, ಬಿಳಿ ಕಾಳಿನ ಅಂಕೊ ಒಂದು, ಎರಡು ಬಗೆ. ಉಸಾಗಿಯಾದ್ದು ಅಷ್ಟು ದಪ್ಪ ಇಲ್ಲ. ಜೇನಿನ ಘಮ ಇದೆ, ಒಳಗಿನ ಅಂಕೊ ಸ್ವಲ್ಪ ಸಡಿಲ, ಕಚ್ಚಿದರೆ ಜಾರುವಷ್ಟು. ನನ್ನ ಓಟು ಉಸಾಗಿಯಾಗೆ. ಮನೆಯಲ್ಲಿ ಮಾಡುವಾಗ ನನ್ನ ಮನಸ್ಸಿನಲ್ಲಿ ಇರುವುದು ಆ ರುಚಿಯೇ.

ಮನೆಯಲ್ಲಿ ಮಾಡುವುದನ್ನು ಹೇಳಿಕೊಟ್ಟದ್ದು ನಮ್ಮದೇ ಕಟ್ಟಡದ ಕೆಳಗಿನ ಮಹಡಿಯ ಹಿರಿಯಾಕೆ. ಬಾಯಿ ಮಾತಿನಲ್ಲಿ ಹೇಳಿದ್ದು ಕಡಿಮೆ. ಅವರ ಅಡುಗೆಮನೆಯಲ್ಲಿ ಸ್ಟೂಲು ಹಾಕಿ ಕೂರಿಸಿ, "ನೋಡಿ ಸಾಕು" ಅಂದರು. ನಾನು ಸೌಟಿಗೆ ಕೈ ಹಾಕಲು ಹೋದಾಗಲೆಲ್ಲ "ಬೇಡ, ಬಿಟ್ಟುಬಿಡಿ" ಅನ್ನುತ್ತಿದ್ದರು. ಬರೀ ಮರ್ಯಾದೆಗೆ ಹಾಗನ್ನುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಪಾಠವೇ ಅದು.

ನಾವು ಹೂರಣ ಮಾಡುವ ಜನ. ಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಕೆದಕಿ, ಒರಳಿಗೋ ಮಿಕ್ಸಿಗೋ ಹಾಕಿ ನುಣ್ಣಗೆ ರುಬ್ಬಿದರೇ ಸಮಾಧಾನ. ಹಬ್ಬದ ದಿನ ನಮ್ಮಮ್ಮನ ಕೈ ಒಂದು ನಿಮಿಷ ಸುಮ್ನೆ ಇರುತ್ತಿರಲಿಲ್ಲ. ಅಂಕೊ ಹಾಗಲ್ಲ. ಇಲ್ಲಿ ಮುಟ್ಟದೆ ಇರುವುದೇ ಕೆಲಸ. ಕಾಳಿನ ಸಿಪ್ಪೆ ಒಡೆಯಬಾರದು, ಆದರೆ ಒಳಗೆ ಬೆಣ್ಣೆಯ ಹಾಗೆ ಬೆಂದಿರಬೇಕು. ಕೈಯಾಡಿಸಿದಷ್ಟೂ ಸಿಪ್ಪೆ ಒಡೆದು, ಒಳಗಿನದ್ದೆಲ್ಲ ನೀರಿಗೆ ಇಳಿದುಬಿಡುತ್ತದೆ.

ಇದಕ್ಕೆ ಕಾರಣವೂ ಇದೆ. ಅಝುಕಿಯ ಒಳಗಿನ ಪಿಷ್ಟ ಚಿಕ್ಕ ಚಿಕ್ಕ ಕೋಶಗಳಲ್ಲಿ ತುಂಬಿಕೊಂಡಿರುತ್ತದೆ. ನಿಧಾನ ಬೆಂದಾಗ ಅದರ ಸುತ್ತಲಿನ ಪ್ರೋಟೀನು ಗಟ್ಟಿಯಾಗಿ, ಪಿಷ್ಟವನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಒಳ್ಳೆಯ ಅಂಕೊ ನಾಲಿಗೆಯ ಮೇಲೆ ನಯವಾಗಿ ಉದುರುತ್ತದೆ, ಅಂಟುವುದಿಲ್ಲ. ಮಿಕ್ಸಿಗೆ ಹಾಕಿದರೆ ಆ ಕೋಶಗಳೇ ಒಡೆದು ಗೋಂದಿನ ತರಹ ಆಗುತ್ತದೆ. ನುಣ್ಣಗೆ ಬೇಕಾದವರು ಬೆಂದ ಕಾಳನ್ನು ಜರಡಿಯಲ್ಲಿ ತಿಕ್ಕಿ ಸಿಪ್ಪೆ ತೆಗೆಯುತ್ತಾರೆ. ಅದು ಕೋಶಿಅನ್. ಕಾಳು ಕಾಳಾಗಿ ಇರುವುದು ತ್ಸುಬುಅನ್. ದೊರಯಾಕಿಗೆ ಸಾಮಾನ್ಯವಾಗಿ ತ್ಸುಬುಅನ್. ಜರಡಿ ಹಿಡಿಯುವ ಕಷ್ಟ ಇಲ್ಲ ಅನ್ನುವುದೂ ಒಂದು ಖುಷಿ.

ಕಾಳಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪ್ಯಾಕೆಟ್ಟಿನ ಮೇಲೆ ಹೊಕ್ಕೈಡೊ ಅಂತ ಇರಬೇಕು. ಜಪಾನಿನ ಅಝುಕಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಅಲ್ಲೇ, ಅದರಲ್ಲೂ ತೊಕಾಚಿ ಬಯಲಿನಲ್ಲಿ. ಕೊಯ್ಲು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಆಗಿ, ಚಳಿ ಶುರುವಾಗುವಾಗ ಹೊಸ ಕಾಳು ಅಂಗಡಿಗೆ ಬರುತ್ತದೆ. ಹೊಸ ಕಾಳು ಬೇಗ ಬೇಯುತ್ತದೆ, ಎಲ್ಲ ಒಂದೇ ಸಮ ಬೇಯುತ್ತದೆ. ಹಳೆಯದಾದರೆ ಗ್ಯಾಸು ಖರ್ಚು. ದೈನಗೊನ್ ಅನ್ನುವ ದಪ್ಪ ಕಾಳಿನ ಜಾತಿ ಒಂದಿದೆ. ಬೆಂದರೂ ಸಿಪ್ಪೆ ಸುಲಭಕ್ಕೆ ಒಡೆಯುವುದಿಲ್ಲ, ಬೆಲೆ ಜಾಸ್ತಿ. ಮನೆಯ ದೊರಯಾಕಿಗೆ ಅದೆಲ್ಲ ಬೇಡ, ಸಾಮಾನ್ಯ ಕಾಳೇ ಸಾಕು.

ನಾನು ಒಮ್ಮೆಗೆ ತೆಗೆದುಕೊಳ್ಳುವುದು 250 ಗ್ರಾಂ ಕಾಳು. ರಾತ್ರಿ ನೆನೆಹಾಕುವುದಿಲ್ಲ. ಇದು ನಮಗೆ ಒಪ್ಪಲು ಕಷ್ಟ, ಅಲ್ವಾ? ಕಾಳು ಅಂದ ಮೇಲೆ ನೆನೆಯಲೇಬೇಕು. ಆದರೆ ಅಝುಕಿಯ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಪಕ್ಕದಲ್ಲಿ ಕಾಣುವ ಬಿಳಿ ಗೆರೆಯ ಹತ್ತಿರದಿಂದ ಮಾತ್ರ ನಿಧಾನಕ್ಕೆ ಇಳಿಯಬೇಕು. ನೆನೆಸಿಟ್ಟರೆ ಕೆಲವು ಊದಿಕೊಂಡು ಕೆಲವು ಕಲ್ಲಿನ ಹಾಗೇ ಉಳಿಯುತ್ತವೆ. ತೊಳೆದು ನೇರವಾಗಿ ಒಲೆಗೆ ಇಡುವುದೇ ವಾಸಿ.

ಕಾಳಿನ ನಾಲ್ಕರಷ್ಟು ನೀರು. ಕುದಿ ಬಂದ ಮೇಲೆ ಒಂದು ಲೋಟ ತಣ್ಣೀರು ಸುರಿಯುತ್ತೇನೆ. ಕುದಿ ಗಕ್ಕನೆ ನಿಲ್ಲುತ್ತದೆ, ಮೇಲಿನ ಕಾಳು ಕೆಳಗಿನ ಕಾಳು ಎಲ್ಲ ಒಂದೇ ಬಿಸಿಗೆ ಬರುತ್ತವೆ, ಸುಕ್ಕು ಬಿದ್ದ ಸಿಪ್ಪೆ ಬಿಡಿಸಿಕೊಳ್ಳುತ್ತದೆ. ಇನ್ನೊಮ್ಮೆ ಕುದಿಸಿ, ಆ ಕೆಂಪು ನೀರನ್ನು ಪೂರ್ತಿ ಚೆಲ್ಲಬೇಕು. ಅದರಲ್ಲಿ ಸಿಪ್ಪೆಯ ಒಗರು ಇಳಿದಿರುತ್ತದೆ. ವಿಡಿಯೋ ಕಾಲಿನಲ್ಲಿ ಇದನ್ನು ನೋಡಿದ ಅಮ್ಮ ಗಾಬರಿಯಾದರು.

"ಅಯ್ಯೋ, ಕಟ್ಟು ಚೆಲ್ತೀಯಲ್ಲೇ! ಸಾರಿಗೆ ಇಟ್ಕೋಬಾರ್ದಾ?"

"ಒಗರು ಕಣಮ್ಮ, ಸಾರಿಗೆ ಆಗಲ್ಲ."

"ಕುಕ್ಕರ್ ಎಲ್ಲಿ ಹೋಯ್ತು? ಮೂರು ವಿಷಲ್ ಹಾಕಿದ್ರೆ ಆಯ್ತಪ್ಪ. ಇಷ್ಟು ಹೊತ್ತು ಅದರ ಮುಂದೆ ನಿಂತಿರ್ತೀಯಾ?"

ಕುಕ್ಕರಿನಲ್ಲಿ ಮಾಡಬಹುದು. ಇಲ್ಲಿನವರೂ ಮಾಡುತ್ತಾರೆ. ಬೇಗ ಬೇಯುತ್ತದೆ ಅನ್ನುವುದು ನಿಜ. ಆದರೆ ಮುಚ್ಚಳದ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಅರ್ಧಕ್ಕರ್ಧ ಸಿಪ್ಪೆ ಒಡೆದಿರುತ್ತದೆ. ಹೇಗೂ ಹಿಸುಕುವವರಿಗೆ ತೊಂದರೆ ಇಲ್ಲ. ಅಂದಹಾಗೆ ಊರಿನಿಂದ ತಂದ ನನ್ನ ಕುಕ್ಕರು ಶುರುವಿನಲ್ಲಿ ಒಮ್ಮೆ ಕೂಗಿದ್ದಕ್ಕೆ ಕೆಳಗಿನ ಮನೆಯ ಹಿರಿಯಾಕೆ ಮೇಲೆ ಬಂದು, "ಎಲ್ಲಾ ಸರಿ ಇದೆಯಾ?" ಅಂತ ಕೇಳಿದ್ದರು. ನಮ್ಮಿಬ್ಬರ ಪರಿಚಯ ಶುರುವಾಗಿದ್ದೇ ಹಾಗೆ.

ಕೆಂಪು ನೀರಿನ ಬಗ್ಗೆ ಒಂದು ಪಕ್ಕದ ಮಾತು. ಹಬ್ಬ, ಹುಟ್ಟುಹಬ್ಬಕ್ಕೆ ಇಲ್ಲಿ ಸೆಕಿಹಾನ್ ಅನ್ನುವ ಕೆಂಪು ಅನ್ನ ಮಾಡುತ್ತಾರೆ. ಅಂಟಕ್ಕಿಗೆ ಅಝುಕಿ ಬೇಯಿಸಿದ ನೀರೇ ಬಣ್ಣ. ಆದರೆ ಟೋಕಿಯೋ ಕಡೆ ಕೆಲವರು ಅಝುಕಿ ಬಿಟ್ಟು ಸಸಾಗೆ ಅನ್ನುವ ಕಾಳು ಹಾಕುತ್ತಾರೆ. ಅಝುಕಿ ಬೇಯುವಾಗ ಹೊಟ್ಟೆ ಸೀಳಿಕೊಂಡ ಹಾಗೆ ಒಡೆಯುತ್ತದೆ, ಹೊಟ್ಟೆ ಸೀಳಿಕೊಂಡು ಪ್ರಾಣ ಬಿಡುವ ಪದ್ಧತಿಯಿದ್ದ ಸಮುರಾಯಿ ಯೋಧರ ಊರಿನಲ್ಲಿ ಅದು ಅಪಶಕುನ ಅಂತ ಕಾರಣ ಹೇಳುತ್ತಾರೆ. ಆ ಸಸಾಗೆ ಬೇರೆ ಏನಲ್ಲ, ನಮ್ಮ ಅಲಸಂದೆಯೇ. ಇದು ಗೊತ್ತಾದ ದಿನ ತಂಗಿಗೆ ಫೋನ್ ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ಇನ್ನು ಒಂದು ಗಂಟೆ, ಒಂದೂವರೆ ಗಂಟೆ. ಕಾಳು ನೀರಿನ ಒಳಗೆ ಮೆಲ್ಲಗೆ ಅಲ್ಲಾಡುತ್ತಿರಬೇಕು, ಕುಣಿಯಬಾರದು. ನೊರೆ ಬಂದರೆ ತೆಗೆಯುವುದು, ಕಾಳಿನ ತಲೆ ನೀರಿನಿಂದ ಹೊರಗೆ ಬಂದರೆ ಸ್ವಲ್ಪ ನೀರು ಸೇರಿಸುವುದು. ಅಷ್ಟೇ ಕೆಲಸ. ಒಂದು ಕಾಳನ್ನು ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಇಟ್ಟು ಒತ್ತಿ ನೋಡಬೇಕು. ತೋರುಬೆರಳಾದರೆ ಶಕ್ತಿ ಜಾಸ್ತಿ, ಬೇಯದ ಕಾಳೂ ಒಡೆದುಬಿಡುತ್ತದೆ. ಕಿರುಬೆರಳಿಗೇ ಸೋತರೆ ಕಾಳು ಬೆಂದಿದೆ ಅಂತ. ಒಂದಲ್ಲ, ಬೇರೆ ಬೇರೆ ಕಡೆಯಿಂದ ನಾಲ್ಕೈದು ತೆಗೆದು ನೋಡುತ್ತೇನೆ.

ಆಮೇಲೆ ಉರಿ ಆರಿಸಿ, ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಡುವುದು. ಸಕ್ಕರೆ ಹಾಕುವುದಕ್ಕೆ ಮುಂಚೆ ಈ ಅರ್ಧ ಗಂಟೆ ಕೊಡಲೇಬೇಕು. ಸಕ್ಕರೆ ಬಿದ್ದ ಕ್ಷಣದಿಂದ ಕಾಳು ಮೆತ್ತಗಾಗುವುದು ನಿಲ್ಲುತ್ತದೆ. ಸಕ್ಕರೆ ಕಾಳಿನೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಸಿಪ್ಪೆ ಬಿಗಿಯುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅಷ್ಟೇ.

ಸಕ್ಕರೆ ಎಷ್ಟು ಅನ್ನುವುದೇ ಜಗಳದ ವಿಷಯ. ಒಣ ಕಾಳಿನ ತೂಕದಷ್ಟೇ ಸಕ್ಕರೆ ಅನ್ನುವುದು ಇಲ್ಲಿನ ಹಳೆಯ ಲೆಕ್ಕ. ನಾನು 250 ಗ್ರಾಂ ಕಾಳಿಗೆ 200 ಗ್ರಾಂ ಹಾಕುತ್ತೇನೆ. ಇನ್ನೂ ಇಳಿಸಿದರೆ ಅಂಕೊ ಪೇಲವ ಆಗುತ್ತದೆ, ಹೊಳಪು ಬರುವುದಿಲ್ಲ, ಬೇಗ ಕೆಡುತ್ತದೆ. ಇಲ್ಲಿ ಮನೆಮನೆಯಲ್ಲಿ ಇರುವ ಬಿಳಿ ಸಕ್ಕರೆ ನಮ್ಮ ಹರಳು ಸಕ್ಕರೆ ಅಲ್ಲ. ಸ್ವಲ್ಪ ತೇವ, ಕೈಗೆ ಅಂಟುತ್ತದೆ, ಬೇಗ ಕಂದಾಗುತ್ತದೆ. ಕೇಕಿನ ಹಿಟ್ಟಿಗೆ ಅದು ಚೆನ್ನ. ಅಂಕೊಗೆ ಮಾತ್ರ ನಾನು ಹರಳು ಸಕ್ಕರೆಯನ್ನೇ ಹಾಕುತ್ತೇನೆ. ಸಿಹಿ ತಿಳಿಯಾಗಿರುತ್ತದೆ, ಕಾಳಿನ ರುಚಿ ಮುಚ್ಚಿಹೋಗುವುದಿಲ್ಲ. ಬೆಲ್ಲ ಹಾಕಿಯೂ ನೋಡಿದ್ದೇನೆ. ರುಚಿಗೇನೂ ಕಡಿಮೆ ಇಲ್ಲ. ಆದರೆ ಬೆಲ್ಲ ಬಿದ್ದರೆ ಬಾಯಿಗೆ ಬರುವುದು ಹೋಳಿಗೆಯೇ, ಅಝುಕಿ ಎಲ್ಲೋ ಹಿಂದೆ ಉಳಿಯುತ್ತದೆ.

ಮೇಲಿನ ನೀರು ಸ್ವಲ್ಪ ಬಸಿದು, ಸಕ್ಕರೆಯನ್ನು ಎರಡು ಮೂರು ಸಲ ಹಂಚಿ ಹಾಕಿ, ಈಗ ಉರಿ ಜಾಸ್ತಿ ಮಾಡಬೇಕು. ಇಲ್ಲೊಂದೇ ಜಾಗದಲ್ಲಿ ಕೈಗೆ ಕೆಲಸ. ಅದೂ ಮರದ ಚಪ್ಪಟೆ ಸೌಟಿನಲ್ಲಿ ತಳವನ್ನಷ್ಟೇ ಸವರುವುದು, ಕಾಳನ್ನು ಕುಟ್ಟುವುದಲ್ಲ. ಹದಿನೈದು, ಇಪ್ಪತ್ತು ನಿಮಿಷದಲ್ಲಿ ಸೌಟು ಎಳೆದ ದಾರಿಯಲ್ಲಿ ಪಾತ್ರೆಯ ತಳ ಕಾಣುತ್ತದೆ. ಒಂದು ಚಿಟಿಕೆ ಉಪ್ಪು ಹಾಕಿ ಇಳಿಸಬೇಕು. ಇನ್ನೂ ಸ್ವಲ್ಪ ಸಡಿಲ ಇದೆ ಅನ್ನಿಸುವಾಗಲೇ ಇಳಿಸುವುದು ಮುಖ್ಯ. ಆರಿದ ಮೇಲೆ ತಾನಾಗಿ ಗಟ್ಟಿಯಾಗುತ್ತದೆ. ತಟ್ಟೆಯಲ್ಲಿ ಗುಡ್ಡೆ ಗುಡ್ಡೆಯಾಗಿ ಹಾಕಿದರೆ ಬೇಗ ಆರುತ್ತದೆ, ಬಣ್ಣವೂ ಕಪ್ಪಾಗುವುದಿಲ್ಲ. ಸುಮಾರು 600 ಗ್ರಾಂ ಅಂಕೊ ಸಿಗುತ್ತದೆ. ಇದನ್ನು ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಒಳ್ಳೆಯದು. ಅದೇ ದಿನ ಎರಡೂ ಮಾಡಲು ಹೋದರೆ ಸಾಕಪ್ಪಾ ಸಾಕು ಅನ್ನಿಸುತ್ತದೆ.

ಇನ್ನು ಹಿಟ್ಟು. ಇದು ಸುಲಭ. ಮೊಟ್ಟೆ, ಸಕ್ಕರೆ, ಮೈದಾ ಮೂರೂ ಹೆಚ್ಚುಕಡಿಮೆ ಸಮ ತೂಕ ಅನ್ನುವುದು ಮೂಲ ಲೆಕ್ಕ. ಮೊಟ್ಟೆ, ಸಕ್ಕರೆ, ಮೈದಾ ಕೂಡಿಸಿ ಸುಡುವ ಈ ರೀತಿ ಜಪಾನಿಗೆ ಬಂದದ್ದು 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ. ನಾಗಸಾಕಿಯ ಕಾಸುತೆರಾ ಕೇಕು ಆಗಿನದ್ದೇ. ದೊರಯಾಕಿಯ ಹೊರಭಾಗ ಅದರ ಸಂಬಂಧಿ.

ನಾನು ಎರಡು ದೊಡ್ಡ ಮೊಟ್ಟೆಗೆ 100 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ಜೇನುತುಪ್ಪ, ಒಂದು ದೊಡ್ಡ ಚಮಚ ಮಿರಿನ್ ಹಾಕಿ ಕಲಸುತ್ತೇನೆ. ಬಣ್ಣ ಸ್ವಲ್ಪ ಬೆಳ್ಳಗಾಗುವವರೆಗೆ ಕಡೆದರೆ ಸಾಕು, ನೊರೆ ಎದ್ದು ನಿಲ್ಲುವ ತನಕ ಬೇಡ. ನೊರೆ ಜಾಸ್ತಿಯಾದರೆ ಮೇಲ್ಮೈಯಲ್ಲಿ ತೂತು ಬೀಳುತ್ತದೆ. ಅರ್ಧ ಟೀ ಚಮಚ ಅಡುಗೆ ಸೋಡಾವನ್ನು ಒಂದು ಚಮಚ ನೀರಿನಲ್ಲಿ ಕರಗಿಸಿ ಸೇರಿಸುತ್ತೇನೆ. ಕೊನೆಗೆ 120 ಗ್ರಾಂ ಮೈದಾವನ್ನು ಜರಡಿ ಹಿಡಿದು ಹಾಕಿ, ಒಣ ಹಿಟ್ಟು ಕಾಣದ ಹಾಗೆ ಬೆರೆಸಿ, ಮುಚ್ಚಿ, ಫ್ರಿಜ್ಜಿನಲ್ಲಿ ಅರ್ಧ ಗಂಟೆ. ಮತ್ತೆ ಬಿಟ್ಟುಬಿಡುವುದು! ಮೈದಾ ನೀರು ಕುಡಿಯುತ್ತದೆ, ಕಡೆಯುವಾಗ ಬಿಗಿದುಕೊಂಡದ್ದು ಸಡಿಲವಾಗುತ್ತದೆ. ಹೊರಗೆ ತೆಗೆದಾಗ ಹಿಟ್ಟು ಗಟ್ಟಿಯಾಗಿರುತ್ತದೆ. ಚಮಚ ಚಮಚವೇ ನೀರು ಹಾಕಿ, ಸೌಟಿನಿಂದ ಇಳಿಬಿಟ್ಟರೆ ರಿಬ್ಬನ್ನಿನ ಹಾಗೆ ಬಿದ್ದು ಕೂಡಲೇ ಮಾಯವಾಗುವ ಹದಕ್ಕೆ ತರುತ್ತೇನೆ.

ಬೇಕಿಂಗ್ ಪೌಡರ್ ಬೇಡ, ಸೋಡಾನೇ ಹಾಕಿ. ಪೌಡರ್ ಹಾಕಿದರೆ ಮೇಲಕ್ಕೆ ಉಬ್ಬಿ ಹಾಟ್‌ಕೇಕ್ ಆಗುತ್ತದೆ. ಸೋಡಾ ಹಾಕಿದ್ದು ಅಗಲಕ್ಕೆ ಹರಡುತ್ತದೆ, ಒಳಗೆ ಹಳದಿ ಬಣ್ಣ ಬರುತ್ತದೆ, ಮೇಲೆ ಆ ಕಂದು ಬಣ್ಣ ಸಲೀಸಾಗಿ ಹತ್ತುತ್ತದೆ. ದೊರಯಾಕಿಯ ವಾಸನೆ ಅಂತ ನಾವು ಗುರುತಿಸುವುದರಲ್ಲಿ ಸೋಡಾದ ಪಾಲೂ ಇದೆ. ಅಳತೆ ಮೀರಿದರೆ ಮಾತ್ರ ಸೋಪಿನ ಕಹಿ.

ಮಿರಿನ್ ಅಂದರೆ ಅಕ್ಕಿಯ ಸಿಹಿ ಮದ್ಯ. ಅಸಲಿ ಮಿರಿನ್‌ನಲ್ಲಿ ಆಲ್ಕೋಹಾಲು ಸುಮಾರು 14 ಪರ್ಸೆಂಟ್ ಇರುತ್ತದೆ. ಬಿಸಿಗೆ ಹೆಚ್ಚಿನದು ಹಾರಿಹೋಗುತ್ತದೆ. ಆದರೂ ಬೇಡ ಅನ್ನುವವರು ಜೇನು ಮತ್ತು ನೀರನ್ನೇ ಸ್ವಲ್ಪ ಜಾಸ್ತಿ ಮಾಡಿದರೆ ಏನೂ ಮುಳುಗಿಹೋಗುವುದಿಲ್ಲ. ನಮ್ಮ ಅತ್ತೆ ಬಂದಾಗ ನಾನು ಹಾಗೇ ಮಾಡುವುದು.

ಈಗ ಬಾಣಲೆ. ಅಂಗಡಿಗಳಲ್ಲಿ ದಪ್ಪ ತಾಮ್ರದ ಹಾಸಿನ ಮೇಲೆ ಸುಡುತ್ತಾರೆ. ಉಎನೊ ಮತ್ತು ಅಸಾಕುಸಾ ನಡುವೆ ಕಪ್ಪಾಬಾಶಿ ಅಂತ ಒಂದು ಬೀದಿ ಇದೆ. ತವರಾಮಾಚಿ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಹೋಟೆಲಿನವರಿಗೆ ಬೇಕಾದ ಪಾತ್ರೆ ಪಡಗ, ಚಾಕು, ಸೌಟು ಎಲ್ಲ ಸಿಗುವ ಬೀದಿ. ಅಲ್ಲಿ ತಾಮ್ರದ ಹಾಸು ನೋಡಿದೆ, ಬೆಲೆಯ ಚೀಟಿಯನ್ನೂ ನೋಡಿದೆ, ಮೆಲ್ಲಗೆ ವಾಪಸ್ ಇಟ್ಟೆ. ದೊರಸಾಜಿ ಅನ್ನುವ, ಇದಕ್ಕೆಂದೇ ಮಾಡಿದ ಹಿಟ್ಟು ಹುಯ್ಯುವ ಚಮಚ ಮಾತ್ರ ಕೊಂಡು ತಂದೆ. ನಿಜ ಹೇಳಬೇಕು ಅಂದರೆ ಸಣ್ಣ ಸಾರಿನ ಸೌಟಿದ್ದರೂ ನಡೆಯುತ್ತದೆ. ಆದರೆ ಆ ಬೀದಿಗೆ ಹೋಗಿ ಬರಿಗೈಯಲ್ಲಿ ಬರುವುದು ಯಾರಿಂದ ಸಾಧ್ಯ?

ಮನೆಯಲ್ಲಿ ಟೆಫ್ಲಾನ್ ಬಾಣಲೆಯೇ ಸಾಕು. ಎಣ್ಣೆಯನ್ನು ಪೇಪರಿಗೆ ಒಂದು ತೊಟ್ಟು ಹಾಕಿ ಸವರಿ, ಆಮೇಲೆ ಇನ್ನೊಂದು ಒಣ ಪೇಪರಿನಲ್ಲಿ ಅದನ್ನು ಪೂರ್ತಿ ಒರೆಸಿಬಿಡಬೇಕು. ಎಣ್ಣೆ ಉಳಿದ ಜಾಗದಲ್ಲಿ ಹಿಟ್ಟು ತಳಕ್ಕೆ ಸರಿಯಾಗಿ ಕೂರುವುದಿಲ್ಲ, ಚುಕ್ಕೆ ಚುಕ್ಕೆ ಬಣ್ಣ ಬರುತ್ತದೆ. ರುಚಿಗೆ ಅದರಿಂದ ಏನೂ ಕುಂದಿಲ್ಲ. ಪಟ್ಟೆ ಬೇಕು ಅಂತಲೇ ಕಾಗದ ಹಾಸಿ ಸುಟ್ಟು, ಕಾಗದ ಕಿತ್ತು, ಹುಲಿಪಟ್ಟೆಯ ತೊರಯಾಕಿ ಅಂತ ಮಾಡಿ ಮಾರುವವರೂ ಇದ್ದಾರೆ. ಆದರೆ ಒಂದೇ ಸಮನಾದ ಕಂದು ಬಣ್ಣ ಬಂದಾಗ ಆಗುವ ಖುಷಿಯೇ ಬೇರೆ.

ಆ ಬಣ್ಣದ ಗುಟ್ಟು ಒದ್ದೆ ಬಟ್ಟೆಯಲ್ಲಿದೆ. ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಪಕ್ಕದಲ್ಲಿ ಹಾಸಿದ ಒದ್ದೆ ಬಟ್ಟೆಯ ಮೇಲೆ ಇಡಬೇಕು. ಚುಂಯ್ ಅಂತ ಸದ್ದು ಬರುತ್ತದೆ. ಎರಡು ಮೂರು ಸೆಕೆಂಡು ಬಿಟ್ಟು ಮತ್ತೆ ಸಣ್ಣ ಉರಿಗೆ. ಇದರಿಂದ ಎಲ್ಲೆಲ್ಲೋ ಜಾಸ್ತಿ ಕಾದಿದ್ದ ಜಾಗಗಳೆಲ್ಲ ಒಂದೇ ಬಿಸಿಗೆ ಇಳಿಯುತ್ತವೆ. ಬೇಕಾಗಿರುವುದು 180 ಡಿಗ್ರಿ ಆಸುಪಾಸು. ಪ್ರತಿಯೊಂದು ಹುಯ್ಯುವ ಮುಂಚೆಯೂ ಬಟ್ಟೆಯ ಮೇಲೆ ಇಡಲೇಬೇಕು. ಬೇಜಾರು ಅಂತ ಬಿಟ್ಟರೆ ನಾಲ್ಕನೆಯದರ ಹೊತ್ತಿಗೆ ಕಪ್ಪಾಗಲು ಶುರು. ಇಲ್ಲಿ ತುಂಬಾ ಮನೆಗಳಲ್ಲಿ ಊಟದ ಮೇಜಿನ ಮೇಲಿಡುವ ಕರೆಂಟಿನ ಹಾಟ್ ಪ್ಲೇಟ್ ಇರುತ್ತದೆ. ಅದರಲ್ಲಾದರೆ ಬಿಸಿ ಎಷ್ಟು ಬೇಕೋ ಅಷ್ಟಕ್ಕೆ ತಿರುಗಿಸಿ ನಾಲ್ಕು ಒಟ್ಟಿಗೆ ಸುಡಬಹುದು. ಮಕ್ಕಳಿದ್ದರೆ ಅದೇ ಅನುಕೂಲ. ನನಗೆ ಬಣ್ಣ ಬರುವುದು ಮಾತ್ರ ಬಾಣಲೆಯಲ್ಲೇ.

ಹಿಟ್ಟನ್ನು ಒಂದು ಗೇಣಿನಷ್ಟು ಮೇಲಿನಿಂದ, ಒಂದೇ ಜಾಗಕ್ಕೆ ಬೀಳುವ ಹಾಗೆ ಹುಯ್ಯಬೇಕು. ತಾನೇ ದುಂಡಗೆ ಹರಡಿಕೊಳ್ಳುತ್ತದೆ. ದೋಸೆ ಹುಯ್ದು ಅಭ್ಯಾಸವಾದ ಕೈ ಸೌಟಿನ ತಳದಿಂದ ಒಂದು ಸುತ್ತು ಹೊಡೆಯಲು ಹಾತೊರೆಯುತ್ತದೆ. ಕೆಳಗಿನ ಮನೆಯವರು "ಬೇಡ, ಬಿಟ್ಟುಬಿಡಿ" ಅಂದದ್ದು ಇಲ್ಲೇ ಅತಿ ಹೆಚ್ಚು ಸಲ. ಮುಟ್ಟಿದರೆ ಅಂಚು ತೆಳುವಾಗಿ, ಮಧ್ಯ ಗೆರೆ ಬೀಳುತ್ತದೆ. ಮುಟ್ಟದೆ ಇದ್ದರೆ 9 ಸೆಂಟಿಮೀಟರು ಅಗಲದ ಪೂರ್ಣಚಂದ್ರ.

ಎರಡು ನಿಮಿಷದಲ್ಲಿ ಮೇಲೆ ಗುಳ್ಳೆಗಳು ಏಳುತ್ತವೆ. ಗುಳ್ಳೆ ಬಂದ ಕೂಡಲೇ ಅವಸರ ಬೇಡ. ಒಂದೊಂದಾಗಿ ಒಡೆದು ತೂತು ಹಾಗೇ ನಿಲ್ಲಲು ಶುರುವಾದಾಗ, ಅಂಚು ಒಣಗಿದ ಹಾಗೆ ಕಂಡಾಗ, ಒಂದೇ ಸಲಕ್ಕೆ ತಿರುವಿ ಹಾಕಬೇಕು. ಎರಡನೇ ಮಗ್ಗುಲು ಅರ್ಧ ನಿಮಿಷ. ಅದು ಅಂಕೊ ಕೂರುವ ಒಳಭಾಗ, ಬಣ್ಣ ಬೇಕಾಗಿಲ್ಲ. ಸೌಟಿನಿಂದ ಒತ್ತಬಾರದು. ನನ್ನ ಮಗನಿಗೆ ಅದೇ ಆಸೆ. ಅವನಿಗೆಂದೇ ಕೊನೆಯ ಒಂದನ್ನು ಬಿಟ್ಟುಕೊಡುತ್ತೇನೆ, ಬೇಕಾದಷ್ಟು ಒತ್ತಿಕೊಳ್ಳಲಿ.

ತೆಗೆದವನ್ನು ಹಿಂಡಿದ ಒದ್ದೆ ಬಟ್ಟೆಯ ಕೆಳಗೆ ಮುಚ್ಚಿಡುತ್ತಾ ಹೋಗಬೇಕು. ಗಾಳಿಗೆ ಬಿಟ್ಟರೆ ಅಂಚು ಒರಟಾಗುತ್ತದೆ. ಮೇಲೆ ಹೇಳಿದ ಅಳತೆಗೆ ಹನ್ನೆರಡು ಬರುತ್ತವೆ, ಅಂದರೆ ಆರು ದೊರಯಾಕಿ. ಒಂದೇ ಅಳತೆಯ ಜೋಡಿ ಹುಡುಕಿ, ಉಗುರುಬೆಚ್ಚಗೆ ಇರುವಾಗಲೇ ಒಂದರ ನಡುವೆ ಸುಮಾರು 40 ಗ್ರಾಂ ಅಂಕೊ ಇಡುತ್ತೇನೆ. ಮಧ್ಯ ಎತ್ತರ, ಅಂಚಿಗೆ ಬರುತ್ತಾ ತಗ್ಗು. ಮೇಲೊಂದು ಮುಚ್ಚಿ, ಪ್ಲಾಸ್ಟಿಕ್ ರ‍್ಯಾಪಿನಲ್ಲಿ ಸುತ್ತಿ, ಅಂಚನ್ನು ಮಾತ್ರ ಬೆರಳಿನಿಂದ ಮೆಲ್ಲಗೆ ಅದುಮುತ್ತೇನೆ. ಎರಡೂ ತುಟಿ ಕೂಡಿಕೊಂಡು ಅಂಗಡಿಯ ದೊರಯಾಕಿಯ ಆಕಾರ ಬರುತ್ತದೆ.

ಕೂಡಲೇ ತಿನ್ನಬೇಕೋ, ಮಾರನೇ ದಿನವೋ? ನಮ್ಮ ಮನೆಯಲ್ಲಿ ಎರಡು ಪಕ್ಷ. ಬಿಸಿಯಲ್ಲಿ ಅಂಚು ಸ್ವಲ್ಪ ಗರಿ, ಜೇನಿನ ಘಮ ಜೋರು. ಇವರೂ ಮಗನೂ ಆ ಪಕ್ಷ. ರಾತ್ರಿ ಇಟ್ಟರೆ ಅಂಕೊದ ತೇವ ಕೇಕಿಗೆ ಇಳಿದು, ಎರಡೂ ಒಂದಕ್ಕೊಂದು ಹೊಂದಿಕೊಂಡು, ಕಚ್ಚಿದಾಗ ಬೇರೆ ಬೇರೆ ಅನ್ನಿಸುವುದಿಲ್ಲ. ನಾನು ಕೆಳಗಿನ ಮನೆಯವರ ಪಕ್ಷ, ಮಾರನೇ ದಿನದ್ದು. ಜೊತೆಗೆ ಸಕ್ಕರೆ ಇಲ್ಲದ ಹಸಿರು ಟೀ ಬೇಕೇ ಬೇಕು. ಕಾಫಿಯೂ ನಡೆಯುತ್ತದೆ, ಆದರೆ ನಮ್ಮ ಫಿಲ್ಟರ್ ಕಾಫಿಯ ಜೊತೆ ಸಿಹಿ ಮೇಲೆ ಸಿಹಿ ಆಗುತ್ತದೆ.

ಅಮ್ಮ ಮೊಟ್ಟೆ ತಿನ್ನುವುದಿಲ್ಲ. ಅವರು ಇಲ್ಲಿಗೆ ಬಂದಾಗ ಮೊಸರು, ಹಾಲು, ಜೇನು, ಸೋಡಾ ಹಾಕಿ ಮೈದಾ ಕಲಸಿ ಮಾಡಿದೆ. ಮೆತ್ತಗೆ ಬಂತು, ಬಣ್ಣ ಸ್ವಲ್ಪ ಪೇಲವ. ಮೊಟ್ಟೆಯ ಆ ಸ್ಪಂಜಿನ ಗುಣ ಇಲ್ಲ, ಇದಕ್ಕೆ ದೊರಯಾಕಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಮ್ಮ ಮಾತ್ರ ಎರಡು ತಿಂದು, "ಹೂರಣಕ್ಕೆ ಏಲಕ್ಕಿ ಮರೆತಿದ್ದೀಯ" ಅಂದರು.

ಇನ್ನು ತಂಗಿಯ ವಿಷಯ. ಮೈಸೂರಿನಲ್ಲಿ ಅವಳಿಗೆ ಅಝುಕಿ ಸುಲಭಕ್ಕೆ ಸಿಗುವುದಿಲ್ಲ. ಸಸಾಗೆ ಅಂದರೆ ಅಲಸಂದೆ ಅಂತ ಗೊತ್ತಾದ ಮೇಲೆ ಕೆಂಪು ಅಲಸಂದೆಯಲ್ಲಿ ಮಾಡು ಅಂದೆ. ಸಿಪ್ಪೆ ಸ್ವಲ್ಪ ದಪ್ಪ, ಪರಿಮಳ ಬೇರೆ. ಆದರೆ ಅದೇ ಕ್ರಮದಲ್ಲಿ ಒಗರು ನೀರು ಚೆಲ್ಲಿ, ನಿಧಾನ ಬೇಯಿಸಿದರೆ ಒಳ್ಳೆಯ ಅಂಕೊ ಆಗುತ್ತದೆ. ರಾಜ್ಮಾ ಬೇಡ, ಸಿಪ್ಪೆ ಬಾಯಿಗೆ ಸಿಗುತ್ತದೆ. ಮೈದಾ ಕೂಡ ಇಲ್ಲಿನ ಕೇಕ್ ಹಿಟ್ಟಿಗಿಂತ ಬಿರುಸು. 120 ಗ್ರಾಂನಲ್ಲಿ ಎರಡು ದೊಡ್ಡ ಚಮಚ ತೆಗೆದು, ಅಷ್ಟೇ ಕಾರ್ನ್‌ಫ್ಲೋರ್ ಹಾಕಿಕೋ ಅಂದೆ. ಫೋಟೋ ಕಳಿಸಿದ್ದಳು. ನನ್ನದಕ್ಕಿಂತ ದುಂಡಗೆ ಬಂದಿತ್ತು. ಮಗಳಿಗೆ ಮಾತ್ರ ಸಮಾಧಾನ ಇಲ್ಲವಂತೆ. ಟಿವಿಯಲ್ಲಿ ಕಾಣುವುದು ಇದಕ್ಕಿಂತ ದೊಡ್ಡದು ಅಂತೆ.

ಮಿಕ್ಕ ದೊರಯಾಕಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಬಿರುಸಾಗುತ್ತದೆ. ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಎರಡು ವಾರ ಆರಾಮ. ತಿನ್ನುವ ಮುಂಚೆ ಹೊರಗೆ ತೆಗೆದಿಟ್ಟರೆ ಮೊದಲಿನ ಹಾಗೇ ಆಗುತ್ತದೆ. ಆರು ದೊರಯಾಕಿಗೆ ಹಾಕಿದ ಮೇಲೂ ಅರ್ಧಕ್ಕಿಂತ ಹೆಚ್ಚು ಅಂಕೊ ಮಿಗುತ್ತದೆ. ಅದನ್ನೂ ಚಪ್ಪಟೆಯಾಗಿ ಕಟ್ಟಿ ಫ್ರೀಜರಿಗೆ ಹಾಕುತ್ತೇನೆ. ಬೆಳಿಗ್ಗೆ ಬೆಣ್ಣೆ ಹಚ್ಚಿದ ಟೋಸ್ಟಿನ ಮೇಲೆ ಹಾಕಿಕೊಂಡರೆ ನಗೋಯಾ ಕಡೆಯ ಒಗುರಾ ಟೋಸ್ಟ್. ಬಿಸಿನೀರು ಹಾಕಿ ಸಡಿಲ ಮಾಡಿ, ಮೋಚಿ ಅನ್ನುವ ಅಂಟಕ್ಕಿಯ ಬಿಲ್ಲೆ ಸುಟ್ಟು ಹಾಕಿದರೆ ಚಳಿಗಾಲದ ಝೆನ್‌ಝಾಯ್.

ಸೆಪ್ಟೆಂಬರಿನಲ್ಲಿ ಹಿಗಾನ್ ಬರುತ್ತದೆ. ಹಗಲು ರಾತ್ರಿ ಸಮ ಆಗುವ ಆ ವಾರದಲ್ಲಿ ಇಲ್ಲಿನವರು ಹಿರಿಯರ ಸಮಾಧಿಗೆ ಹೋಗಿ ಬರುತ್ತಾರೆ, ಅಂಟಕ್ಕಿಯ ಉಂಡೆಗೆ ಹೊರಗಿನಿಂದ ಅಂಕೊ ಮೆತ್ತಿ ಒಹಾಗಿ ಮಾಡುತ್ತಾರೆ. ಕೆಳಗಿನ ಮನೆಯವರು ಈ ಸಲ, "ಅನ್ನ ನಾನು ನೋಡಿಕೊಳ್ಳುತ್ತೇನೆ, ಅಂಕೊ ನೀವೇ ಮಾಡಿಕೊಡಿ" ಅಂದಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲ ಬರುತ್ತಾರಂತೆ. ಒಂದು ಕಿಲೋ ಕಾಳು ಬೇಕು. ಅಷ್ಟು ಹಿಡಿಯುವ ಪಾತ್ರೆ ನನ್ನಲ್ಲಿಲ್ಲ, ಮತ್ತೆ ಕಪ್ಪಾಬಾಶಿಗೆ ಹೋಗಿಬರಬೇಕು.